ವಾಟ್ಸ್‌ಆ್ಯಪ್‌ನಲ್ಲಿ ಬಂದ ಎಪಿಕೆ: ಒತ್ತುವ ಮುನ್ನ, ಒತ್ತಿದ ಮೇಲೆ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಅಡಿಕೆ ಬೆಳೆಗಾರರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ರಾಶಿ, ಬೆಟ್ಟೆ, ಸರಕು ಎಂಬ ಅಡಿಕೆ ಬಗೆಗಳ ಧಾರಣೆಯ ನಡುವೆ ‘ಪಿಎಂ ಕಿಸಾನ್’ ಅಥವಾ ‘ಇ-ಚಲನ್’ (ಸಂಚಾರ ದಂಡದ ಚೀಟಿ) ಎಂಬ ಹೆಸರಿನ ಫೈಲೊಂದು ಬಂದರೆ, ಮೊದಲು ಆ ಹೆಸರಿನ ಕೊನೆಯನ್ನು ನೋಡಬೇಕು. ಅಲ್ಲಿ ‘ಎಪಿಕೆ’ ಎಂದಿದ್ದರೆ ಅದು ಆಂಡ್ರಾಯ್ಡ್ ಫೋನಿನಲ್ಲಿ ಆ್ಯಪ್ ಅಳವಡಿಸುವ ಫೈಲ್; ವಂಚಕರು ಹಣ ಕದಿಯುವ ಆ್ಯಪ್‌ಗಳನ್ನು ಹೀಗೆ ಹರಡುತ್ತಾರೆ. ಮದುವೆಯ ಕರೆಯೋಲೆ ಎಂದು ಬಂದರೂ ಅಷ್ಟೇ: ಕರೆಯೋಲೆಗೆ ಎಪಿಕೆಯ ಅಗತ್ಯವೇ ಇಲ್ಲ.

ಕಳುಹಿಸಿದವರು ಪರಿಚಿತರಾದರೂ ಕರೆ ಮಾಡಿ ವಿಚಾರಿಸಿ. ಸೋಂಕು ತಗುಲಿದ ಫೋನು ಯಜಮಾನನಿಗೆ ತಿಳಿಯದಂತೆಯೇ ಇತರರಿಗೆ ಫೈಲ್ ಕಳುಹಿಸಬಲ್ಲದು. ಆ್ಯಪ್ ಬೇಕೇ ಬೇಕೆಂದಿದ್ದರೆ ಪ್ಲೇ ಸ್ಟೋರ್‌ನಲ್ಲಿ ನೀವೇ ಹುಡುಕಿ, ತಯಾರಕರ ಹೆಸರನ್ನು ಓದಿ. ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿ ಮೂರು ಕಂತುಗಳಲ್ಲಿ ನೇರವಾಗಿ ಬ್ಯಾಂಕ್ ಖಾತೆಗೇ ಜಮೆಯಾಗುತ್ತದೆ.

ಬಳಿಕ ಸೆಟ್ಟಿಂಗ್ಸ್‌ನಲ್ಲಿ ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ಎಂದು ಹುಡುಕಿ, ವಾಟ್ಸ್‌ಆ್ಯಪ್ ಮತ್ತು ಕ್ರೋಮ್‌ಗೆ ಕೊಟ್ಟಿರುವ ಅನುಮತಿಯನ್ನು ತೆಗೆಯಿರಿ. ಅಪಾಯಕಾರಿ ಆ್ಯಪ್ ಪತ್ತೆಹಚ್ಚುವ, ಪ್ಲೇ ಸ್ಟೋರ್‌ನ ‘ಪ್ಲೇ ಪ್ರೊಟೆಕ್ಟ್’ ಚಾಲೂ ಇರಲಿ.

ನಿಜವಾದ ಅಪಾಯವಿರುವುದು ಅನುಮತಿಗಳಲ್ಲಿ. ಎಸ್‌ಎಂಎಸ್ ಓದಲು ಬಿಟ್ಟರೆ ಬ್ಯಾಂಕಿನ ಒಟಿಪಿ ನಿಮ್ಮ ಕಣ್ಣಿಗೆ ಬೀಳುವ ಮೊದಲೇ ವಂಚಕನಿಗೆ ತಲುಪಬಹುದು. ‘ಆಕ್ಸೆಸಿಬಿಲಿಟಿ’ ಅನುಮತಿ ಇನ್ನೂ ಕೆಟ್ಟದ್ದು: ದೃಷ್ಟಿದೋಷ ಮೊದಲಾದ ತೊಂದರೆ ಇರುವವರಿಗಾಗಿ ಇರುವ ಈ ಸೌಲಭ್ಯ ಸಿಕ್ಕಿದರೆ, ಆ್ಯಪ್ ಪರದೆಯ ಮೇಲಿನದನ್ನು ಓದಿ, ನಿಮ್ಮ ಪರವಾಗಿ ತಾನೇ ಗುಂಡಿ ಒತ್ತಬಲ್ಲದು. ಚಲನ್ ತೋರಿಸುವ ಆ್ಯಪ್‌ಗೆ ಇದೇಕೆ? ಮಳೆಗಾಲದಲ್ಲಿ ನೆಟ್‌ವರ್ಕೇ ಇರುವುದಿಲ್ಲವಲ್ಲ ಎಂದು ನಿಶ್ಚಿಂತರಾಗುವಂತೆಯೂ ಇಲ್ಲ. ಕದ್ದ ಮಾಹಿತಿಯನ್ನು ಕೂಡಿಟ್ಟುಕೊಂಡು, ನೀವು ಸಿಗ್ನಲ್ ಸಿಗುವ ದಿಬ್ಬ ಹತ್ತಿದಾಗ ಕಳುಹಿಸುವ ಆ್ಯಪ್‌ಗಳೂ ಇರಬಹುದು.

ಅಳವಡಿಸಿಯೇ ಬಿಟ್ಟಿದ್ದರೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಕೂಡ ಆರಿಸಿ. ಬೇರೆ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆಯ ವಹಿವಾಟು ನಿಲ್ಲಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಿ. ಗುಂಪಿನ ಸಂದೇಶವನ್ನು ಅಳಿಸುವ ಮೊದಲು, ಕಳುಹಿಸಿದ ಸಂಖ್ಯೆ ಕಾಣುವಂತೆ ಇನ್ನೊಂದು ಫೋನಿನಲ್ಲಿ ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಆ್ಯಪ್‌ನ ಚಿಹ್ನೆ ಪರದೆಯಿಂದ ಮಾಯವಾಗಿದ್ದರೂ ಸೆಟ್ಟಿಂಗ್ಸ್‌ನ ಆ್ಯಪ್ ಪಟ್ಟಿಯಲ್ಲಿ ಹುಡುಕಿ ತೆಗೆಯಬಹುದು. ತೆಗೆಯಲು ಬಿಡದಿದ್ದರೆ ಮೊದಲು ಸೆಟ್ಟಿಂಗ್ಸ್‌ನಲ್ಲಿ ಅದಕ್ಕಿರುವ ‘ಡಿವೈಸ್ ಅಡ್ಮಿನ್’ (ಫೋನಿನ ಮೇಲಿನ ಹೆಚ್ಚಿನ ಹಿಡಿತದ) ಅನುಮತಿ ರದ್ದುಪಡಿಸಿ. ಅದಕ್ಕೂ ಬಗ್ಗದಿದ್ದರೆ ಫೋನಿನಲ್ಲಿರುವುದೆಲ್ಲವನ್ನೂ ಅಳಿಸುವ ಫ್ಯಾಕ್ಟರಿ ರೀಸೆಟ್ ಮಾಡಿಸಿ. ಪಾಸ್‌ವರ್ಡ್ ಮತ್ತು ಯುಪಿಐ ಪಿನ್‌ಗಳನ್ನು ಬದಲಿಸುವುದು ಫೋನ್ ಶುದ್ಧವಾದ ಮೇಲೆ, ಇಲ್ಲವೇ ಬೇರೆ ಫೋನಿನಲ್ಲಿ.