ಲ್ಯಾಪ್‌ಟಾಪ್ ಸ್ಕ್ರೀನಿಗೆ ಎಷ್ಟು ಪಿಕ್ಸೆಲ್ ಸಾಕು?

ಪಿಕ್ಸೆಲ್, ಅಂದರೆ ಸ್ಕ್ರೀನಿನಲ್ಲಿ ಚಿತ್ರ ಮೂಡಿಸುವ ಪುಟ್ಟ ಚುಕ್ಕಿ, ಜಾಸ್ತಿ ಇದ್ದಷ್ಟೂ ಒಳ್ಳೆಯದು ಎಂದು ನಂಬಿ ನಾನೂ ಒಮ್ಮೆ 4ಕೆ ಸ್ಕ್ರೀನಿನ ಲ್ಯಾಪ್‌ಟಾಪ್ ಕೊಂಡಿದ್ದೆ. ಫೋಟೊಗಳು ಕಣ್ಣಿಗೆ ಹಬ್ಬದಂತಿದ್ದವು. ಆದರೆ ರೇಸಿಂಗ್ ಗೇಮ್ ಹಾಕಿದ ಕೂಡಲೇ ಫ್ಯಾನ್ ಬೊಬ್ಬೆ ಹೊಡೆಯುತ್ತಿತ್ತು, ತಿರುವು ಬಂದಾಗಲೆಲ್ಲ ಕಾರು ತಡವರಿಸುತ್ತಿತ್ತು. ಸ್ಕ್ರೀನ್ ಚೆನ್ನಾಗಿಯೇ ಇತ್ತು. ಅಷ್ಟೊಂದು ಪಿಕ್ಸೆಲ್‌ಗಳನ್ನು ತುಂಬುವ ಶಕ್ತಿ ಗ್ರಾಫಿಕ್ಸ್ ಚಿಪ್‌ಗೆ ಇರಲಿಲ್ಲ. ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಈ ಚಿಪ್ ಬೋರ್ಡಿಗೇ ಬೆಸೆದಿರುತ್ತದೆ, ಆಮೇಲೆ ಬದಲಿಸಲು ಬರುವುದಿಲ್ಲ. ಅದಕ್ಕೇ ಸ್ಕ್ರೀನ್, ಚಿಪ್ ಎರಡನ್ನೂ ಒಟ್ಟಿಗೆ ನೋಡಿ ಆರಿಸಬೇಕು.

ಮೊದಲು ಲೆಕ್ಕ ಹಾಕಿ

1920×1080 ಸ್ಕ್ರೀನಿನಲ್ಲಿ, ಅಂದರೆ ಅಡ್ಡಕ್ಕೆ 1920, ಎತ್ತರಕ್ಕೆ 1080 ಇದ್ದರೆ, ಸುಮಾರು 20.7 ಲಕ್ಷ ಪಿಕ್ಸೆಲ್ ಇರುತ್ತವೆ. 2560×1600 ಆದರೆ ಸುಮಾರು 41 ಲಕ್ಷ, ಹೆಚ್ಚುಕಡಿಮೆ ಎರಡು ಪಟ್ಟು. 4ಕೆ, ಅಂದರೆ 3840×2160ರಲ್ಲಿ ಸರಿಯಾಗಿ ನಾಲ್ಕು ಪಟ್ಟು. ಗೇಮ್ ಸೆಕೆಂಡಿಗೆ 60 ಫ್ರೇಮ್ (ಚಿತ್ರ) ಓಡಬೇಕಾದರೆ ಇಷ್ಟನ್ನೂ 16.7 ಮಿಲಿಸೆಕೆಂಡಿಗೊಮ್ಮೆ ಹೊಸದಾಗಿ ಬಿಡಿಸಬೇಕು. ಚಿಪ್‌ಗೆ ಬೀಳುವ ಹೊರೆ ಎಷ್ಟೆಂದು ಊಹಿಸಿ.

ಆಮೇಲೆ ಚಿಪ್ ನೋಡಿ

ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಗೇಮ್ ಆಡುವ ಆಸೆಯಿದ್ದರೆ 1920×1080 ಅಥವಾ 1920×1200 ದಾಟಬೇಡಿ. ಮಧ್ಯಮ ದರ್ಜೆಯ ಚಿಪ್‌ಗೂ ಇದೇ ಸರಿ. ಮೇಲಿನ ದರ್ಜೆಯದಿದ್ದರೆ 2560×1600 ಧೈರ್ಯವಾಗಿ ತೆಗೆದುಕೊಳ್ಳಿ. ಒಂದು ಎಚ್ಚರಿಕೆ: ಒಂದೇ ಹೆಸರಿನ ಚಿಪ್‌ಗೆ ಬೇರೆ ಬೇರೆ ಲ್ಯಾಪ್‌ಟಾಪ್‌ಗಳಲ್ಲಿ ಸಿಗುವ ವಿದ್ಯುತ್ ಬೇರೆ ಬೇರೆ, ಹಾಗಾಗಿ ವೇಗವೂ ಬೇರೆ. ಚಿಪ್ ಹೆಸರನ್ನಷ್ಟೇ ನಂಬಬೇಡಿ, ನೀವು ಕೊಳ್ಳುವ ಮಾಡೆಲ್‌ನದೇ ರಿವ್ಯೂ ಹುಡುಕಿ ಓದಿ.

ಈಗ ಅಕ್ಷರ ಓದಿ ನೋಡಿ

ದಿನದ ಬಹುಪಾಲು ನಾವು ಓದುವುದು, ಬರೆಯುವುದೇ ಅಲ್ವಾ? ಕನ್ನಡ ಪುಟವೊಂದನ್ನು ತೆರೆದು, ದಿನಾ ಕೂರುವಷ್ಟೇ ದೂರದಲ್ಲಿ ಕೂತು 'ರಾಷ್ಟ್ರ' ಪದ ಹುಡುಕಿ. ಷ ಕೆಳಗೆ ಟ ಒತ್ತು, ಅದರ ಜೊತೆಗೆ ರ ಒತ್ತು. 15.6 ಇಂಚಿನ 1366×768 ಸ್ಕ್ರೀನಿನಲ್ಲಿ ಇಂಚಿಗೆ ಸುಮಾರು 100 ಪಿಕ್ಸೆಲ್ ಮಾತ್ರ. ಸಣ್ಣ ಅಕ್ಷರವಾದರೆ ಒತ್ತುಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಅಂಥದ್ದನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ ಅನ್ನಿ. ಅದೇ ಅಳತೆಯ 1920×1080ರಲ್ಲಿ ಇಂಚಿಗೆ 141, ಒತ್ತುಗಳು ಬಿಡಿಬಿಡಿಯಾಗಿ ಕಾಣುತ್ತವೆ. 16 ಇಂಚಿನ 2560×1600ರಲ್ಲಿ 189, ಮುದ್ರಿಸಿದ ಪುಟ ಓದಿದಷ್ಟು ಹಿತ. 4ಕೆಯಲ್ಲಿ ಇನ್ನೂ ನುಣುಪು ನಿಜ, ಆದರೆ ಅಕ್ಷರ ಇರುವೆಯಷ್ಟಾಗುವುದರಿಂದ ಎಲ್ಲವನ್ನೂ 200 ಪರ್ಸೆಂಟಿಗೋ ಅದಕ್ಕೂ ಹೆಚ್ಚಿಗೋ ಹಿಗ್ಗಿಸಿಕೊಂಡೇ ಕೆಲಸ ಮಾಡಬೇಕು. ಬ್ಯಾಟರಿಯೂ ಬೇಗ ಇಳಿಯುತ್ತದೆ. ಫೋಟೊ, ವಿಡಿಯೊ ಎಡಿಟಿಂಗ್ ನಿಮ್ಮ ಕಸುಬಾಗಿದ್ದರೆ ಮಾತ್ರ ಅದು ಬೇಕು.

1200, 1600 ಎಂದು ಕೊನೆಯಾಗುವ ಸ್ಕ್ರೀನುಗಳು ಸ್ವಲ್ಪ ಎತ್ತರ. 1080ಕ್ಕಿಂತ 1200ರಲ್ಲಿ 120 ಸಾಲು ಪಿಕ್ಸೆಲ್ ಜಾಸ್ತಿ. ಎಕ್ಸೆಲ್ ಶೀಟ್ ತೆರೆದರೆ ಒಂದಷ್ಟು ಸಾಲು ಹೆಚ್ಚು ಕಾಣುತ್ತವೆ. ಸಿಕ್ಕರೆ ಬಿಡಬೇಡಿ.

'ಗೇಮ್ ಆಡುವಾಗ ರೆಸಲ್ಯೂಶನ್ ಇಳಿಸಿದರಾಯಿತು'

ಹೀಗೆ ಸಲಹೆ ಕೊಡುವವರು ತುಂಬ ಜನ. ರೆಸಲ್ಯೂಶನ್ ಅಂದರೆ ಚಿತ್ರದ ಪಿಕ್ಸೆಲ್ ಲೆಕ್ಕ. ಪೂರ್ತಿ ಸುಳ್ಳಲ್ಲ. ಆದರೆ 2560×1440 ಸ್ಕ್ರೀನಿನಲ್ಲಿ 1920×1080 ಚಿತ್ರ ಹಾಕಿದರೆ ಚಿತ್ರದ ಒಂದು ಚುಕ್ಕಿ ಉದ್ದಕ್ಕೂ ಅಗಲಕ್ಕೂ ಒಂದೂ ಮೂರನೇ ಒಂದು ಪಿಕ್ಸೆಲ್ ಮೇಲೆ ಕೂರಬೇಕು. ಪಿಕ್ಸೆಲ್ ಮುರಿಯಲು ಆಗುವುದಿಲ್ಲ, ಪಕ್ಕದ ಪಿಕ್ಸೆಲ್‌ಗೂ ಬಣ್ಣ ಹಂಚಿಹೋಗಿ ಅಂಚೆಲ್ಲ ಮಸುಕಾಗುತ್ತದೆ. ಇದರ ಬದಲು ರೆಸಲ್ಯೂಶನ್ ಇದ್ದ ಹಾಗೇ ಬಿಟ್ಟು, ಗೇಮಿನ ಸೆಟ್ಟಿಂಗ್ಸ್‌ನಲ್ಲಿ ಡಿಎಲ್‌ಎಸ್‌ಎಸ್ ಅಥವಾ ಎಫ್‌ಎಸ್‌ಆರ್ ಎಂಬ ಆಯ್ಕೆ ಆನ್ ಮಾಡಿ. ಆಗ ಗೇಮ್ ಒಳಗೊಳಗೇ ಚಿಕ್ಕ ಚಿತ್ರ ಬಿಡಿಸಿ, ಅದನ್ನು ಜಾಣತನದಿಂದ ಹಿಗ್ಗಿಸುತ್ತದೆ. ಸ್ಕೋರು, ಮ್ಯಾಪುಗಳ ಅಕ್ಷರ ಸ್ಪಷ್ಟವಾಗಿಯೇ ಉಳಿಯುತ್ತದೆ.

ವೇಗದ ಶೂಟಿಂಗ್ ಗೇಮ್ ಆಡುವವರಿಗೆ ಪಿಕ್ಸೆಲ್‌ಗಿಂತ ರಿಫ್ರೆಶ್ ರೇಟ್, ಅಂದರೆ ಸ್ಕ್ರೀನ್ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಎಂಬುದು, ಮುಖ್ಯ. 60 ಹರ್ಟ್ಜ್‌ನ 4ಕೆಗಿಂತ 144 ಹರ್ಟ್ಜ್‌ನ 1920×1080 ಸ್ಕ್ರೀನ್ ಅವರ ಕೈಗೆ ಹೆಚ್ಚು ಒಗ್ಗುತ್ತದೆ. ಲ್ಯಾಪ್‌ಟಾಪ್ ತಂದ ದಿನವೇ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆದು ಅಡ್ವಾನ್ಸ್‌ಡ್ ಡಿಸ್‌ಪ್ಲೇ ಒತ್ತಿ ನೋಡಿ. ದುಡ್ಡು ಕೊಟ್ಟು ತಂದ 144, ಕೆಲವೊಮ್ಮೆ ಸುಮ್ನೆ 60ರಲ್ಲೇ ಕೂತಿರುತ್ತದೆ.