"ಹೋದ ವರ್ಷ ಇದೇ ಹೊತ್ತಿಗೆ ಹೇಗಿತ್ತು ಅಕ್ಕಾ?"

ರಿಸರ್ವ್ ಬ್ಯಾಂಕಿನ ಗ್ರಾಹಕರ ವಿಶ್ವಾಸ ಸಮೀಕ್ಷೆಗಾಗಿ ಬೆಂಗಳೂರಿನಲ್ಲಿ ಮನೆ ಮನೆ ಸುತ್ತಿದವನು ನಾನು. ಟ್ಯಾಬ್ ಹಿಡಿದು ಬಾಗಿಲು ತಟ್ಟಿದರೆ ಮೊದಲು ಬರುವ ಮಾತು, "ಲೋನಾ? ಓಟಿಗಾ?" ಎರಡೂ ಅಲ್ಲ ಅಂತ ಒಪ್ಪಿಸೋದೇ ಅರ್ಧ ಕೆಲಸ.

ಮುಖ್ಯವಾಗಿ ಕೇಳೋದು ಐದು ವಿಷಯ: ದೇಶದ ಆರ್ಥಿಕ ಪರಿಸ್ಥಿತಿ, ಉದ್ಯೋಗ, ಬೆಲೆ, ಆದಾಯ, ಖರ್ಚು. ಒಂದು ವರ್ಷದ ಹಿಂದಿಗಿಂತ ಈಗ ಹೇಗಿದೆ? ಮುಂದಿನ ವರ್ಷ ಹೇಗಿರಬಹುದು? ಉತ್ತರವೂ ಸರಳ. ಸುಧಾರಿಸಿದೆ, ಹಾಗೇ ಇದೆ, ಹದಗೆಟ್ಟಿದೆ.

ಆದರೆ ಆ 'ಒಂದು ವರ್ಷ' ಇದೆಯಲ್ಲ, ಅದೇ ಜಾರಿಹೋಗುವ ಜಾಗ. ಶ್ರೀರಾಮಪುರದಲ್ಲಿ ಹೊಲಿಗೆ ಮೆಷಿನ್ ಮುಂದೆ ಕೂತಿದ್ದ ಅಕ್ಕ, "ಕೊರೊನಾಕ್ಕೆ ಮುಂಚೆ ಚೆನ್ನಾಗಿತ್ತಪ್ಪ, ಈಗೇನಿದೆ" ಅಂದರು. ನನ್ನ ಬೆರಳು 'ಹದಗೆಟ್ಟಿದೆ' ಮೇಲೆ ಹೋಗಿತ್ತು. ತಡೆದು ಕೇಳಿದೆ, "ಹೋದ ವರ್ಷ ಇದೇ ಹೊತ್ತಿಗೆ ಹೇಗಿತ್ತು ಅಕ್ಕಾ?" ಪೆಡಲ್ ನಿಲ್ಲಿಸಿ ಯೋಚಿಸಿದರು. "ಅದಕ್ಕಿಂತ ಈಗ ವಾಸಿ. ಬ್ಲೌಸ್ ಬರ್ತಾ ಇವೆ." ಒಂದೇ ಬಾಯಿ, ಎರಡು ಉತ್ತರ! ಅವತ್ತಿನಿಂದ ಈ ಪ್ರಶ್ನೆಯನ್ನು ಅವಸರದಲ್ಲಿ ಕೇಳಿಲ್ಲ.

ಲೆಕ್ಕ ಹೀಗೆ. ನೂರು ಜನರಲ್ಲಿ 30 ಜನ ಸುಧಾರಿಸಿದೆ, 50 ಜನ ಹದಗೆಟ್ಟಿದೆ ಅಂದರೆ ಮೈನಸ್ 20. 'ಹಾಗೇ ಇದೆ' ಅಂದವರು ಎರಡೂ ಕಡೆ ಸೇರುವುದಿಲ್ಲ. ಐದೂ ವಿಷಯಗಳ ಸರಾಸರಿಗೆ 100 ಕೂಡಿಸಿದರೆ ಸೂಚ್ಯಂಕ. 100ಕ್ಕಿಂತ ಕೆಳಗೆ ಬಂದರೆ ಬೇಸರಪಟ್ಟವರೇ ಜಾಸ್ತಿ. 2021ರ ಮೇ ಸುತ್ತಿನಲ್ಲಿ, ಕೋವಿಡ್‌ನಿಂದಾಗಿ ಫೋನಿನಲ್ಲೇ ಕೇಳಿದಾಗ, ಈಗಿನ ಪರಿಸ್ಥಿತಿಯ ಸೂಚ್ಯಂಕ 48.5ಕ್ಕೆ ಇಳಿದಿತ್ತು.

ನನಗೆ ಇವತ್ತಿಗೂ ಚುಚ್ಚುವುದು ಖರ್ಚಿನ ಪ್ರಶ್ನೆ. ಬೆಲೆ ಏರಿದೆ ಅಂದರೆ ಅದು ಮೈನಸ್ ಕಡೆಗೆ. ಖರ್ಚು ಜಾಸ್ತಿಯಾಗಿದೆ ಅಂದರೆ ಪ್ಲಸ್ ಕಡೆಗೆ, ಧೈರ್ಯವಾಗಿ ಖರ್ಚು ಮಾಡ್ತಿದ್ದಾರೆ ಅಂತ. ಆದರೆ ಎಣ್ಣೆ, ಬೇಳೆ, ಗ್ಯಾಸ್ ತುಟ್ಟಿಯಾಗಿ ಖರ್ಚು ಏರಿದ ಮನೆಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಲ್ಲಿ ಧೈರ್ಯ ಎಲ್ಲಿತ್ತು? ಪುಣ್ಯಕ್ಕೆ ಅಗತ್ಯದ ಖರ್ಚು, ಅಗತ್ಯವಲ್ಲದ ಖರ್ಚು ಅಂತ ಬೇರೆ ಬೇರೆಯಾಗಿಯೂ ಕೇಳುತ್ತಾರೆ.

ಹಾಗಾಗಿ ಎರಡು ತಿಂಗಳಿಗೊಮ್ಮೆ ವರದಿ ಬಂದಾಗ ನಾನು ಸೂಚ್ಯಂಕ ನೋಡೋದು ಆಮೇಲೆ. ಮೊದಲು ಅಗತ್ಯವಲ್ಲದ ಖರ್ಚಿನ ಕೋಷ್ಟಕ ತೆಗೆಯುತ್ತೇನೆ.