ಸತ್ತ ಟೈಮ್‌ಬೇಸ್ ಚಿಪ್ ಜಾಗದಲ್ಲಿ ಪಿಕ್ ಕೂರಿಸಿದ್ದು

ನನ್ನ ಹತ್ತಿರ 1970ರ ದಶಕದ ಒಂದು ಫ್ರೀಕ್ವೆನ್ಸಿ ಕೌಂಟರ್ ಇದೆ. ಒಳಬರುವ ಸಿಗ್ನಲ್ ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಅಂತ ಎಣಿಸುವ ಉಪಕರಣ ಅದು. ಒಂದು ದಿನ ಎಣಿಸುವ ಅವಧಿಯನ್ನು (ಗೇಟ್) ತೋರಿಸುವ ಅದರ ಗೇಟ್ ದೀಪ ಮಿನುಗುವುದು ನಿಂತಿತು. ಅಂಕಿಗಳೆಲ್ಲ ಸೊನ್ನೆ. ಮೊದಲು ವೋಲ್ಟೇಜ್ ನೋಡಿದೆ. +5 ಇತ್ತು, −12 ಇತ್ತು. ಆಸಿಲೋಸ್ಕೋಪ್ ಹಿಡಿದರೆ ಆ ಅವಧಿಯನ್ನು ಅಳೆದು ಕೊಡುವ ಟೈಮ್‌ಬೇಸ್ ಚಿಪ್ ಎಂಕೆ5009ರ ಒಳಗೆ 1 ಮೆಗಾಹರ್ಟ್ಸ್ ಸರಿಯಾಗಿ ಹೋಗುತ್ತಿದೆ, ಹೊರಗೆ ಏನೂ ಬರುತ್ತಿಲ್ಲ.

ಈ ಚಿಪ್ ಈಗ ತಯಾರಾಗುವುದಿಲ್ಲ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿನಲ್ಲಿ ಸುತ್ತಿದೆ, ಸಿಗಲಿಲ್ಲ. ಆನ್‌ಲೈನ್‌ನಲ್ಲಿ ತರಿಸಿದ ಎರಡನ್ನು ಅಸಿಟೋನ್ ಹಾಕಿ ಒರೆಸಿದರೆ ನಂಬರೇ ಅಳಿಸಿಹೋಯಿತು. ಬೇರೆ ಯಾವುದೋ ಚಿಪ್ ಮೇಲೆ ಹೊಸ ಹೆಸರು ಅಚ್ಚು ಹಾಕಿದ್ದರು.

ಎಂಕೆ5009ರ ಕೆಲಸ ಎಣಿಸುವುದಷ್ಟೇ ಅಲ್ವಾ? ಒಂದೊಂದೂ ಎರಡು ಸಲ ಹತ್ತರಿಂದ ಭಾಗಿಸುವ 74ಎಚ್‌ಸಿ390 ಚಿಪ್‌ಗಳನ್ನು ಸಾಲಾಗಿ ಜೋಡಿಸಿದರೂ ಆಗುತ್ತಿತ್ತು. ಆದರೆ 1 ಮೆಗಾಹರ್ಟ್ಸನ್ನು ಒಂದು ಸೆಕೆಂಡಿಗೆ ಇಳಿಸಲು ಆರು ಸಲ ಹತ್ತರಿಂದ ಭಾಗಿಸಬೇಕು, ಅದಕ್ಕೆ ಮೂರು ಚಿಪ್ ಬೇಕು. ಅಷ್ಟು ಜಾಗವಿರಲಿಲ್ಲ. ಎಂಟು ಕಾಲಿನ, ಪ್ರೋಗ್ರಾಮ್ ಬರೆದು ಹಾಕಬಹುದಾದ ಪುಟ್ಟ ಮೈಕ್ರೋಕಂಟ್ರೋಲರ್ ಪಿಕ್ 12ಎಫ್675 ಆರಿಸಿಕೊಂಡೆ. ಕೌಂಟರಿನ ಓವನ್ ಕ್ರಿಸ್ಟಲ್‌ನ (ಒಂದೇ ಬಿಸಿಯಲ್ಲಿ ಇಟ್ಟ ಕ್ರಿಸ್ಟಲ್) 10 ಮೆಗಾಹರ್ಟ್ಸನ್ನೇ ನೇರವಾಗಿ ಅದಕ್ಕೆ ಕ್ಲಾಕ್ ಆಗಿ, ಅಂದರೆ ಅದನ್ನು ನಡೆಸುವ ತಾಳವಾಗಿ, ಕೊಟ್ಟೆ. ಪಿಕ್‌ನ ಒಂದು ಸೈಕಲ್‌ಗೆ, ಅಂದರೆ ಒಂದು ಸರಳ ಆದೇಶ ನಡೆಸಲು, ನಾಲ್ಕು ಕ್ಲಾಕ್ ಬೇಕು. ಅಂದರೆ ಸೆಕೆಂಡಿಗೆ ಸರಿಯಾಗಿ 25 ಲಕ್ಷ ಸೈಕಲ್. ನಡೆಯುತ್ತಿರುವ ಪ್ರೋಗ್ರಾಮನ್ನು ನಡುವೆ ತಡೆದು ಬೇರೆ ಕೆಲಸ ಮಾಡಿಸುವ ಇಂಟರಪ್ಟ್ ಬಳಸಲಿಲ್ಲ, ಅದರಲ್ಲಿ ಒಂದು ಸೈಕಲ್ ಹಿಂದುಮುಂದಾಗಬಹುದು. ಸುಮ್ನೆ ಸುತ್ತುವ ಲೂಪ್ ಬರೆದೆ. ಯಾವ ದಾರಿಯಲ್ಲಿ ಹೋದರೂ ಸೈಕಲ್ ಲೆಕ್ಕ ಒಂದೇ ಆಗುವಂತೆ ನಡುನಡುವೆ ಎನ್‌ಒಪಿ (ಏನೂ ಮಾಡದೆ ಒಂದು ಸೈಕಲ್ ಕಳೆಯುವ ಆದೇಶ) ತುಂಬಿದೆ.

ಹಳೇ ಬೋರ್ಡಿನ ತಾಮ್ರದ ಗೆರೆಗಳು ಜಾಸ್ತಿ ಬಿಸಿ ತಡೆಯುವುದಿಲ್ಲ. ಹಾಗಾಗಿ ಚಿಪ್‌ನ ಕಾಲುಗಳನ್ನು ಕತ್ತರಿಸಿ, ಒಂದೊಂದೇ ಕಿತ್ತು, ಸಾಕೆಟ್ ಹಾಕಿದೆ. ಪಿಕ್ ಅನ್ನು ಚಿಕ್ಕ ಬೋರ್ಡಿನ ಮೇಲೆ ಕೂರಿಸಿ ಆ ಸಾಕೆಟ್‌ಗೆ ಒತ್ತಿದೆ. −12 ಬರುವ ಪಿನ್ನನ್ನು ಮೊದಲೇ ಕತ್ತರಿಸಿದ್ದೆ. ಅದು ಪಿಕ್‌ಗೆ ತಾಗಿದರೆ ಅಲ್ಲಿಗೇ ಮುಗಿಯಿತು.

ಪರೀಕ್ಷೆಗೆ ಕೌಂಟರಿನ 10 ಮೆಗಾಹರ್ಟ್ಸನ್ನು ಅದರ ಇನ್‌ಪುಟ್‌ಗೇ ಕೊಟ್ಟೆ. ಹೀಗೆ ಮಾಡಿದರೆ ಕ್ರಿಸ್ಟಲ್‌ನ ತಪ್ಪು ಎರಡೂ ಕಡೆ ಒಂದೇ ಇರುತ್ತದೆ. ಭಾಗಾಕಾರದ ತಪ್ಪು ಮಾತ್ರ ಕಾಣುತ್ತದೆ. ಒಂದು ಸೆಕೆಂಡ್ ಗೇಟ್‌ನಲ್ಲಿ ಬಂದದ್ದು 10000004. ಮತ್ತೆ ಮತ್ತೆ ಅದೇ. ಆ ನಾಲ್ಕು ನೋಡಿ ನನಗೆ ಖುಷಿಯೇ ಆಯಿತು. ನಾಲ್ಕು ಕ್ಲಾಕ್ ಅಂದರೆ ಒಂದು ಸೈಕಲ್ ಹೆಚ್ಚು, ಹುಡುಕಬೇಕಾದದ್ದು ಅಷ್ಟೇ. ಸ್ಕಿಪ್ ಇನ್‌ಸ್ಟ್ರಕ್ಷನ್ ಮುಂದಿನ ಆದೇಶವನ್ನು ಬಿಟ್ಟು ಹಾರಿದಾಗ ಎರಡು ಸೈಕಲ್ ತಗೊಳ್ಳುತ್ತದೆ, ನಾನು ಒಂದೇ ಹಿಡಿದಿದ್ದೆ. ಒಂದು ಎನ್‌ಒಪಿ ತೆಗೆದೆ. 10000000 ಬಂತು. ಕೊನೆಯ ಅಂಕಿ ಒಮ್ಮೊಮ್ಮೆ ಒಂದು ಆಚೀಚೆ ಆಗುತ್ತದೆ. ಅದು ಇಂಥ ಎಲ್ಲ ಕೌಂಟರಿನಲ್ಲೂ ಇರುವುದೇ.

ಪ್ರೋಗ್ರಾಮನ್ನು ಕಾಗದದಲ್ಲಿ ಪ್ರಿಂಟ್ ತೆಗೆದು, ಮಡಿಸಿ, ಕವರಿನಲ್ಲಿ ಹಾಕಿ ಕೌಂಟರಿನ ಮುಚ್ಚಳದ ಒಳಗೆ ಅಂಟಿಸಿದ್ದೇನೆ. ಮುಂದೆ ಇದನ್ನು ಬಿಚ್ಚುವವರಿಗೆ ಈ ಪಿಕ್ ಒಳಗೆ ಏನಿದೆ ಅಂತ ಗೊತ್ತಾಗಬೇಕು.